ರೋಮ್‌ನಲ್ಲಿ ಹೋಟೆಲ್ ಬೇಡವೆಂದರೆ ಎಲ್ಲಿ ಇಳಿದುಕೊಳ್ಳುವುದು?

ನಮ್ಮಲ್ಲಿ ಹೋಟೆಲ್ ಎಂದರೆ ಮೊದಲು ನೆನಪಾಗುವುದು ಇಡ್ಲಿ, ದೋಸೆ, ಕಾಫಿ. ರಾತ್ರಿ ಉಳಿಯಲು ಲಾಡ್ಜ್ ಇದೆ, ಛತ್ರ ಇದೆ, ಮಠದ ವಸತಿಗೃಹ ಇದೆ, ಕೊಡಗು, ಚಿಕ್ಕಮಗಳೂರಿನ ಕಡೆ ಹೋಂಸ್ಟೇ ಇದೆ, ಎಲ್ಲಕ್ಕಿಂತ ಮೊದಲು ನೆಂಟರ ಮನೆ ಇದೆ. ಅಜ್ಜಿ ಜೊತೆಗಿದ್ದರೆ ಯಾವುದು, ಗೆಳೆಯರಷ್ಟೇ ಹೊರಟರೆ ಯಾವುದು ಎಂದು ಯಾರೂ ಹೇಳಿಕೊಡದೆ ನಾವು ಆರಿಸಿಕೊಳ್ಳುತ್ತೇವೆ. ರೋಮ್‌ಗೆ ಟಿಕೆಟ್ ಮಾಡಿಸಿದ ಮೇಲೆ ಮಾತ್ರ ಈ ತಿಳಿವಳಿಕೆ ಕೈಕೊಡುತ್ತದೆ. ಹೋಟೆಲ್ ದರ ನೋಡಿ ಗಾಬರಿಯಾಗುತ್ತೇವೆ. ಆಮೇಲೆ ಆ್ಯಪ್ ತೆರೆದು, ಫೋಟೋ ಚೆನ್ನಾಗಿರುವ ಯಾವುದೋ ಮನೆಗೆ ದುಡ್ಡು ಕಟ್ಟುತ್ತೇವೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಮೊದಲ ಸಲ ಹೋದಾಗ ನಾನು ಮಾಡಿದ್ದೂ ಇದನ್ನೇ. ರಾತ್ರಿ ಹತ್ತೂವರೆಗೆ ಟ್ಯಾಕ್ಸಿ ಇಳಿದೆವು. ಮನೆಯವರು ಯಾರೂ ಇರಲಿಲ್ಲ. ಕಿಟಕಿಯ ಸರಳಿಗೆ ತೂಗುಹಾಕಿದ್ದ ಪುಟ್ಟ ಪೆಟ್ಟಿಗೆಯ ನಂಬರು ತಿರುಗಿಸಿ ಬೀಗದ ಕೈ ತೆಗೆದುಕೊಳ್ಳಬೇಕಿತ್ತು. ಬೀದಿಬಾಗಿಲಿಗೆ ಒಂದು ಕೀ, ಒಳಗಿನ ಗೇಟಿಗೆ ಇನ್ನೊಂದು, ಮನೆಗೆ ಮೂರನೆಯದು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ; ಲಿಫ್ಟ್ ಇಲ್ಲ. ಮಂಡಿನೋವಿನ ಅಮ್ಮ ಗೋಡೆ ಹಿಡಿದುಕೊಂಡು, ಪ್ರತಿ ತಿರುವಿನಲ್ಲೂ ನಿಂತು ನಿಂತು ಹತ್ತಿದಳು. ಅವಳು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಆ ರಾತ್ರಿ ಅರ್ಥವಾದದ್ದು ಇಷ್ಟು. ಹೋಟೆಲ್ ಎಂದರೆ ಬರೀ ಕೋಣೆಯಲ್ಲ, ಅದು ಒಂದಷ್ಟು ಕೆಲಸಗಳ ಗಂಟು. ವಿಮಾನ ತಡವಾದರೂ ಬಾಗಿಲು ತೆಗೆಯುವುದು, ಪಾಸ್‌ಪೋರ್ಟ್ ವಿವರ ಪೊಲೀಸರಿಗೆ ಮುಟ್ಟಿಸುವುದು, ಊರಿನ ತೆರಿಗೆ ವಸೂಲಿ ಮಾಡಿ ಕಟ್ಟುವುದು, ಕೊನೆಯ ದಿನ ಸಂಜೆಯವರೆಗೆ ಪೆಟ್ಟಿಗೆ ಇಟ್ಟುಕೊಳ್ಳುವುದು, ಬಿಸಿನೀರು ಬರದಿದ್ದರೆ ಯಾರನ್ನಾದರೂ ಕಳಿಸುವುದು. ನಾವು ಹೋಟೆಲ್ ಬಿಟ್ಟ ಮಾತ್ರಕ್ಕೆ ಈ ಕೆಲಸಗಳು ಇಲ್ಲವಾಗುವುದಿಲ್ಲ. ಅವು ಬೇರೆ ಯಾರದ್ದೋ ತಲೆಗೆ ಹೋಗುತ್ತವೆ, ಯಾರೂ ಇಲ್ಲದಿದ್ದರೆ ನಮ್ಮ ತಲೆಗೆ ಬರುತ್ತವೆ. ಹಾಗಾಗಿ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, ಇಲ್ಲಿ ಬಾಗಿಲು ತೆಗೆಯುವವರು ಯಾರು ಎಂದು ಕೇಳಬೇಕು. ಈ ಒಂದು ಪ್ರಶ್ನೆ ಹಿಡಿದುಕೊಂಡರೆ ರೋಮ್‌ನ ಬಗೆಬಗೆಯ ಬಿಡಾರಗಳು ತಾವಾಗಿಯೇ ಬೇರೆ ಬೇರೆಯಾಗಿ ಕಾಣತೊಡಗುತ್ತವೆ.

ಕಾನ್ವೆಂಟಿನ ಕೋಣೆ

ರೋಮ್ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಯಾತ್ರಿಕರ ಊರು. ಹೋಟೆಲ್ ಎಂಬ ವ್ಯಾಪಾರ ಹುಟ್ಟುವುದಕ್ಕೆ ಬಹಳ ಮೊದಲೇ ಅಲ್ಲಿ ಛತ್ರಗಳಿದ್ದವು. ಎಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಸ್ಯಾಕ್ಸನ್ನರು ತಮ್ಮ ನಾಡಿನ ಯಾತ್ರಿಕರಿಗಾಗಿ ಸೇಂಟ್ ಪೀಟರ್ಸ್ ಚರ್ಚಿನ ಹತ್ತಿರ ಒಂದು ವಸತಿ ಕಟ್ಟಿಕೊಂಡಿದ್ದರು. ಅಲ್ಲಿರುವ ಸಾಂತೊ ಸ್ಪಿರಿತೊ ಇನ್ ಸಾಸ್ಸಿಯಾ ಆಸ್ಪತ್ರೆಯ ಹೆಸರಿನಲ್ಲಿ ಆ ಸ್ಯಾಕ್ಸನ್ನರು ಇಂದಿಗೂ ಉಳಿದಿದ್ದಾರೆ. 1300ರಲ್ಲಿ ಪೋಪ್ ಎಂಟನೇ ಬೋನಿಫೇಸ್ ಮೊದಲ ಜೂಬಿಲಿ ವರ್ಷ, ಅಂದರೆ ಪಾಪಕ್ಷಮೆಗೆಂದು ಯಾತ್ರೆ ಬರುವ ವಿಶೇಷ ವರ್ಷ, ಸಾರಿದ ಮೇಲೆ ಜನ ಇನ್ನಷ್ಟು ಬಂದರು. 1548ರಲ್ಲಿ ಸಂತ ಫಿಲಿಪ್ಪೊ ನೇರಿ ಬಡ ಯಾತ್ರಿಕರಿಗೆಂದೇ ಒಂದು ಸೇವಾ ಸಂಘ ಕಟ್ಟಿದರು. ನಡೆದು ದಣಿದು ಬಂದವರ ಕಾಲು ತೊಳೆದು, ಊಟ ಹಾಕಿ, ಮಲಗಲು ಜಾಗ ಕೊಡುತ್ತಿದ್ದ ಸಂಘ ಅದು. ಧರ್ಮಸ್ಥಳದಲ್ಲೋ ಉಡುಪಿಯಲ್ಲೋ ಉಂಡು, ಚಾಪೆ ಹಾಸಿ ಮಲಗಿ ಬೆಳೆದ ನಮಗೆ ಇದು ಹೊಸ ವಿಷಯವಲ್ಲ.

ಆ ಪರಂಪರೆಯ ಇಂದಿನ ರೂಪವೇ ಇಟಾಲಿಯನ್ನರು ಕಾಸಾ ಪೆರ್ ಫೆರಿಯೆ ಎಂದು ಕರೆಯುವ ಬಿಡಾರ. ಹೆಸರಿಗೆ ರಜೆಯ ಮನೆ ಎಂದರ್ಥ. ರೋಮ್‌ನಲ್ಲಿ ಇವುಗಳಲ್ಲಿ ಬಹುಪಾಲು ನಡೆಸುವವರು ಕ್ರೈಸ್ತ ಸನ್ಯಾಸಿನಿಯರ ಅಥವಾ ಸನ್ಯಾಸಿಗಳ ಸಭೆಗಳು. ವ್ಯಾಟಿಕನ್ ಸುತ್ತ, ತ್ರಾಸ್ತೇವೆರೆಯಲ್ಲಿ, ಅವೆಂತೀನೊ ಗುಡ್ಡದ ಮೇಲೆ, ಟರ್ಮಿನಿ ಸ್ಟೇಷನ್ ಬಳಿ ಇವು ಹರಡಿಕೊಂಡಿವೆ. ಕೆಲವು ಜಾಗಗಳಿಗೆ ದೊಡ್ಡ ಚರಿತ್ರೆಯೇ ಇದೆ. ಪಿಯಾತ್ಸಾ ಫರ್ನೇಸೆ ಎಂಬ ಚೌಕದಲ್ಲಿರುವ ಸಾಂತಾ ಬ್ರಿಜಿದಾ ಮನೆಯನ್ನೇ ನೋಡಿ: ಸ್ವೀಡನ್ನಿನ ಸಂತ ಬ್ರಿಜೆಟ್ 1373ರಲ್ಲಿ ಕೊನೆಯುಸಿರೆಳೆದ ಮನೆ ಅದು, ಈಗಲೂ ಅದೇ ಹೆಸರಿನ ಸಭೆಯ ಸಿಸ್ಟರ್‌ಗಳು ಅಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುತ್ತಾರೆ. 2013ರಲ್ಲಿ ಪೋಪ್ ಆಗಿ ಆಯ್ಕೆಯಾದ ಮರುದಿನವೇ ಫ್ರಾನ್ಸಿಸ್ ಅವರು ತಾವು ಉಳಿದಿದ್ದ ಪಾದ್ರಿಗಳ ವಸತಿಗೃಹಕ್ಕೆ ಹೋಗಿ, ಪೆಟ್ಟಿಗೆ ತೆಗೆದುಕೊಂಡು, ಬಿಲ್ ಕಟ್ಟಿ ಬಂದದ್ದು ಹಲವರಿಗೆ ನೆನಪಿರಬಹುದು. ಪೋಪ್ ಅರಮನೆ ಬಿಟ್ಟು ಅವರು ಮುಂದೆ ವಾಸಿಸಿದ ಸಾಂತಾ ಮಾರ್ತಾ ಕೂಡ ವ್ಯಾಟಿಕನ್ನಿನ ಒಂದು ಅತಿಥಿಗೃಹವೇ.

ಇಲ್ಲಿ ಉಳಿಯಲು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಹೆಚ್ಚಿನ ಕಡೆ ಯಾರೂ ಧರ್ಮ ಕೇಳುವುದಿಲ್ಲ. ಕೆಲವು ಕಡೆ ಹೆಂಗಸರಿಗೆ ಮಾತ್ರ ಜಾಗ, ಅಷ್ಟನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕೋಣೆ ಸಣ್ಣದು, ಚೊಕ್ಕಟ. ಒಂಟಿ ಮಂಚಗಳು ಎರಡು, ಗೋಡೆಯ ಮೇಲೆ ಶಿಲುಬೆ, ಒಂದು ಮೇಜು. ಬಹಳ ಕಡೆ ಟಿವಿ ಇರುವುದಿಲ್ಲ, ಎಸಿ ಎಲ್ಲ ಕಡೆ ಇರುವುದಿಲ್ಲ. ಬೆಳಗ್ಗೆ ಬ್ರೆಡ್ಡು, ಬೆಣ್ಣೆ, ಜಾಮ್, ಕಾಫಿ. ಒಳಗೊಂದು ಅಂಗಳ, ಅಲ್ಲಿ ಕಿತ್ತಳೆಯದ್ದೋ ನಿಂಬೆಯದ್ದೋ ಗಿಡ. ಪಕ್ಕದ ರಸ್ತೆಯಲ್ಲಿ ಎಷ್ಟೇ ಗದ್ದಲವಿದ್ದರೂ ಒಳಗೆ ಕೇಳಿಸದಷ್ಟು ದಪ್ಪ ಗೋಡೆ. ಎರಡನೇ ಸಲ ನಾವು ಇಂಥ ಕಡೆಯೇ ಉಳಿದೆವು. ಬಾಗಿಲಲ್ಲಿ ಕೂತಿದ್ದ ಸಿಸ್ಟರ್ ನಮ್ಮ ಪಾಸ್‌ಪೋರ್ಟಿನಲ್ಲಿ ಬೆಂಗಳೂರು ಎಂದು ನೋಡಿ, ತಾವು ಬಂಟ್ವಾಳದ ಕಡೆಯವರು ಎಂದು ಕನ್ನಡದಲ್ಲೇ ಹೇಳಿದರು. ಕರಾವಳಿಯಿಂದಲೂ ಕೇರಳದಿಂದಲೂ ಹೋಗಿ ರೋಮ್‌ನ ಕಾನ್ವೆಂಟುಗಳಲ್ಲಿ ಸೇವೆಗಿರುವವರು ಸಾಕಷ್ಟು ಮಂದಿ. ಅಮ್ಮನಿಗೆ ಆ ಒಂದು ವಾರ ರೋಮ್ ಪರದೇಶ ಅನಿಸಲೇ ಇಲ್ಲ.

ಒಪ್ಪಿಕೊಳ್ಳಬೇಕಾದ ಕಟ್ಟುಪಾಡು ಒಂದಿದೆ: ರಾತ್ರಿ ಬಾಗಿಲು ಹಾಕುವ ಹೊತ್ತು. ಸಾಮಾನ್ಯವಾಗಿ ಹನ್ನೊಂದು, ಕೆಲವು ಕಡೆ ಹನ್ನೆರಡು. ಕೀ ಕೈಗೇ ಕೊಡುವವರೂ ಇದ್ದಾರೆ. ರೋಮ್‌ನಲ್ಲಿ ರಾತ್ರಿ ಊಟ ಶುರುವಾಗುವುದೇ ಎಂಟರ ಮೇಲೆ ಎಂಬುದನ್ನು ನೆನಪಿಟ್ಟುಕೊಂಡು ಇದನ್ನು ತೂಗಿ ನೋಡಬೇಕು. ವಿಮಾನ ಮಧ್ಯರಾತ್ರಿ ಇಳಿಯುವುದಿದ್ದರೆ ಮೊದಲ ರಾತ್ರಿಗೆ ಇದು ಆಗಿಬರುವುದಿಲ್ಲ. ಬುಕಿಂಗ್ ಹೆಚ್ಚಾಗಿ ಇಮೇಲ್‌ನಲ್ಲಿ, ಉತ್ತರ ಬರಲು ಎರಡು ಮೂರು ದಿನ ಹಿಡಿಯಬಹುದು. ಈಸ್ಟರ್ ಹೊತ್ತಿಗೆ ತಿಂಗಳುಗಟ್ಟಲೆ ಮೊದಲೇ ಜಾಗ ತುಂಬಿಹೋಗಿರುತ್ತದೆ. ಎಲ್ಲ ಕಾನ್ವೆಂಟುಗಳೂ ಅಗ್ಗವಲ್ಲ. ಚೌಕದ ಮೇಲೇ ಇರುವ ಮನೆಗಳ ದರ ಮಧ್ಯಮ ದರ್ಜೆಯ ಹೋಟೆಲಿನಷ್ಟೇ ಇರುತ್ತದೆ. ಆದರೆ ಇಲ್ಲಿ ಬಾಗಿಲು ತೆಗೆಯಲು ಒಬ್ಬರು ಇರುತ್ತಾರೆ. ವಯಸ್ಸಾದವರ ಜೊತೆ ಹೋಗುವವರಿಗೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ.

ಹೋಂಸ್ಟೇ, ಬಾಡಿಗೆ ಕೋಣೆ, ಇಡೀ ಮನೆ

ಆ್ಯಪ್‌ಗಳಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ಇಟಲಿಯ ಕಾನೂನಿಗೆ ಮಾತ್ರ ಅವು ಬೇರೆ ಬೇರೆ. ಬಿ ಆ್ಯಂಡ್ ಬಿ ಎಂದರೆ ನಮ್ಮ ಹೋಂಸ್ಟೇ ಇದ್ದಂತೆ. ಮನೆಯವರು ಅಲ್ಲೇ ವಾಸ ಇರುತ್ತಾರೆ, ತಮ್ಮ ಮನೆಯ ಕೆಲವೇ ಕೋಣೆಗಳನ್ನು ಕೊಡುತ್ತಾರೆ, ಬೆಳಗಿನ ತಿಂಡಿ ಅವರದೇ. ಅಫಿತ್ತಾಕಾಮೆರೆ ಎಂಬುದು ಬಾಡಿಗೆ ಕೋಣೆಗಳ ವ್ಯವಹಾರ; ಇದಕ್ಕೆ ಆರು ಕೋಣೆಗಳ ಮಿತಿ ಇದೆ. ಒಂದು ಹಳೆಯ ಕಟ್ಟಡದ ಮಹಡಿಯನ್ನು ಕೋಣೆ ಕೋಣೆಯಾಗಿ ಮಾಡಿರುತ್ತಾರೆ, ಮಾಲೀಕರು ಅಲ್ಲಿರಲೇಬೇಕೆಂದಿಲ್ಲ. ರೋಮ್‌ನಲ್ಲಿ ಗೆಸ್ಟ್ ಹೌಸ್ ಎಂಬ ಬೋರ್ಡು ಹಾಕಿರುವುದು ಹೆಚ್ಚಾಗಿ ಇಂಥವೇ. ಇನ್ನು ಮೂವತ್ತು ದಿನಕ್ಕೆ ಮೀರದ ಕರಾರಿನ ಮೇಲೆ ಇಡೀ ಮನೆಯನ್ನೇ ಕೊಡುವುದುಂಟು. ಕಿರು ಬಾಡಿಗೆ ಎಂದು ಇವತ್ತು ಎಲ್ಲರ ಬಾಯಲ್ಲಿರುವುದು ಇದೇ.

ಮೂರರಲ್ಲೂ ಬಾಗಿಲು ತೆಗೆಯುವವರು ಬೇರೆ. ಹೋಂಸ್ಟೇಯಲ್ಲಿ ಮನೆಯೊಡತಿ ಇರುತ್ತಾರೆ. ಎಲ್ಲಿ ತಿನ್ನಬೇಕು, ಯಾವ ಬಸ್ಸು ಹತ್ತಬೇಕು, ಔಷಧಿ ಅಂಗಡಿ ಎಲ್ಲಿದೆ ಎಂದು ಹೇಳುವವರೂ ಅವರೇ. ಬಾಡಿಗೆ ಕೋಣೆಗಳಲ್ಲಿ ಮಧ್ಯಾಹ್ನದವರೆಗೆ ಒಬ್ಬರು ಇದ್ದು, ಆಮೇಲೆ ಫೋನ್ ನಂಬರ್ ಮಾತ್ರ ಉಳಿಯಬಹುದು. ಇಡೀ ಮನೆಯಲ್ಲಿ ಕೆಲವೊಮ್ಮೆ ಮಾಲೀಕರ ಮುಖವನ್ನೇ ನೀವು ಕಾಣುವುದಿಲ್ಲ. ಹತ್ತಾರು ಮನೆ ನೋಡಿಕೊಳ್ಳುವ ಏಜೆನ್ಸಿಯ ಹುಡುಗನೊಬ್ಬ ಕೀ ಕೊಟ್ಟು ಹೋಗುತ್ತಾನೆ. ಆ್ಯಪ್‌ನಲ್ಲಿ ಮಾಲೀಕರ ಹೆಸರು ಒತ್ತಿದರೆ ಅವರ ಬಳಿ ಇನ್ನೆಷ್ಟು ಮನೆಗಳಿವೆ ಎಂದು ಕಾಣಿಸುತ್ತದೆ. ಒಂದೋ ಎರಡೋ ಇದ್ದರೆ ಅದು ಯಾರದೋ ಮನೆ. ನಲವತ್ತು ಇದ್ದರೆ ಅದು ರಿಸೆಪ್ಷನ್ ಇಲ್ಲದ ಹೋಟೆಲ್.

ಹಾಸ್ಟೆಲ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಬ್ಬರೇ ಹೋಗುವ ಎಳೆಯರಿಗೆ ಚೆನ್ನ, ಗಂಡು ಹೆಣ್ಣು ಒಂದೇ ಕೋಣೆಯಲ್ಲಿರುವ ಡಾರ್ಮಿಟರಿಯೋ ಅಲ್ಲವೋ ನೋಡಿಕೊಂಡರಾಯಿತು. ಅಗ್ರಿತುರಿಸ್ಮೊ, ಅಂದರೆ ಬೇಸಾಯವೇ ಮುಖ್ಯ ಕಸುಬಾಗಿರುವ ರೈತರ ಜಮೀನಿನಲ್ಲಿ ಉಳಿಯುವುದು, ತುಂಬ ಸೊಗಸಾದ ಅನುಭವ. ಆದರೆ ಅದು ಊರ ಹೊರಗೆ, ಕಾರು ಬೇಕು. ರೋಮ್ ನೋಡಲು ಬಂದವರು ದಿನಾ ಅಲ್ಲಿಂದ ಓಡಾಡಿದರೆ ಊರೂ ಸಿಗುವುದಿಲ್ಲ, ಹೊಲವೂ ಸಿಗುವುದಿಲ್ಲ.

ಕಾಗದ ಪತ್ರ

2025ರ ಜನವರಿಯಿಂದ ಇಟಲಿಯಲ್ಲಿ ಪ್ರವಾಸಿಗರನ್ನು ಇರಿಸಿಕೊಳ್ಳುವ ಪ್ರತಿಯೊಂದು ಜಾಗಕ್ಕೂ ಸಿಐಎನ್ ಎಂಬ ರಾಷ್ಟ್ರೀಯ ಗುರುತು ಸಂಖ್ಯೆ ಇರಲೇಬೇಕು. ಹೋಟೆಲ್, ಕಾನ್ವೆಂಟ್, ಮನೆ, ಯಾವುದಕ್ಕೂ ವಿನಾಯಿತಿ ಇಲ್ಲ. ಅದನ್ನು ಕಟ್ಟಡದ ಹೊರಗೆ ಕಾಣುವಂತೆ ಹಾಕಬೇಕು, ಆನ್‌ಲೈನ್ ಜಾಹೀರಾತಿನಲ್ಲೂ ತೋರಿಸಬೇಕು. ಸಂಖ್ಯೆ ಇಲ್ಲದೆ ನಡೆಸುವವರಿಗೆ 800ರಿಂದ 8,000 ಯೂರೋವರೆಗೆ ದಂಡ. ನಮಗೆ ಇದರಿಂದ ಏನು ಲಾಭ ಎಂದರೆ, ಸುಳ್ಳು ಜಾಹೀರಾತು ಹಿಡಿಯಲು ಇದು ಮೊದಲ ಜರಡಿ. ಸಂಖ್ಯೆ ಶುರುವಾಗುವುದು ಐ, ಟಿ ಎಂಬ ಎರಡು ಅಕ್ಷರಗಳಿಂದ. ನಂತರದ ಆರು ಅಂಕಿ ಊರಿನ ಸರ್ಕಾರಿ ಸಂಕೇತ. ರೋಮ್ ಊರಿನದು 058091. ರೋಮ್ ಎಂದು ಜಾಹೀರಾತು ಕೊಟ್ಟು ಅಂಕಿ ಬೇರೆ ಇದ್ದರೆ, ಮನೆ ಅಕ್ಕಪಕ್ಕದ ಬೇರೊಂದು ಊರಿನಲ್ಲಿದೆ ಎಂದೇ ಅರ್ಥ. ಸಂಖ್ಯೆಯೇ ಇಲ್ಲದಿದ್ದರೆ ಮುಂದೆ ಹೋಗಬೇಡಿ. ಆ್ಯಪ್ ಬಿಟ್ಟು ನೇರವಾಗಿ ಬ್ಯಾಂಕ್ ಖಾತೆಗೆ ದುಡ್ಡು ಹಾಕಿ, ಕಡಿಮೆ ಮಾಡಿಕೊಡುತ್ತೇನೆ ಎನ್ನುವವರ ಹತ್ತಿರವೂ ಬೇಡ.

ಪಾಸ್‌ಪೋರ್ಟ್ ಕೇಳಿದರೆ ಹೆದರಬೇಕಾಗಿಲ್ಲ. 1931ರಿಂದ ಜಾರಿಯಲ್ಲಿರುವ ಸಾರ್ವಜನಿಕ ಸುರಕ್ಷತಾ ಕಾನೂನಿನ ಪ್ರಕಾರ ಅತಿಥಿಗಳ ವಿವರ ಪೊಲೀಸರಿಗೆ ಹೋಗಬೇಕು, ಈಗ ಅದು ಆನ್‌ಲೈನ್‌ನಲ್ಲಿ 24 ಗಂಟೆಯೊಳಗೆ ಆಗಬೇಕು. 2024ರ ನವೆಂಬರ್‌ನಲ್ಲಿ ಗೃಹ ಸಚಿವಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಸ್‌ಪೋರ್ಟ್ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಬಾಗಿಲಿನ ನಂಬರ್ ಕಳಿಸಿಬಿಟ್ಟರೆ ಸಾಲದು, ಬಂದವರ ಮುಖ ಕಂಡೇ ಗುರುತು ಖಚಿತಪಡಿಸಿಕೊಳ್ಳಬೇಕು ಎಂದು ಸುತ್ತೋಲೆ ಹೊರಡಿಸಿತು. ಅದರ ಮೇಲೆ ಕೋರ್ಟಿನಲ್ಲಿ ಜಗಳವೂ ನಡೆಯಿತು. ಪ್ರಯಾಣಿಕರಿಗೆ ತಾತ್ಪರ್ಯ ಇಷ್ಟೇ: ಬಂದ ದಿನ ಎದುರಿಗೆ ಯಾರು ಸಿಗುತ್ತಾರೆ ಎಂದು ಮೊದಲೇ ಬರೆದು ಕೇಳಿ.

ಭಾರತದಿಂದ ಹೋಗುವವರಿಗೆ ಇನ್ನೊಂದು ಮಾತಿದೆ, ಇದನ್ನು ಹೇಳುವವರು ಕಡಿಮೆ. ಬೆಂಗಳೂರಿನಿಂದ ಹೊರಟವರು ಬಹಳ ಸಲ ಫ್ರಾಂಕ್‌ಫರ್ಟ್, ಮ್ಯೂನಿಕ್ ಅಥವಾ ಪ್ಯಾರಿಸ್‌ನಲ್ಲಿ ಒಂದೇ ವೀಸಾ ನಡೆಯುವ ಯುರೋಪ್ ದೇಶಗಳ ಷೆಂಗನ್ ವಲಯದೊಳಗೆ ಕಾಲಿಟ್ಟು, ಅಲ್ಲಿಂದ ರೋಮ್‌ಗೆ ಬರುತ್ತಾರೆ. ಹೀಗೆ ಬಂದವರು ತಾವು ಇಟಲಿಯಲ್ಲಿದ್ದೇವೆ ಎಂದು ಎಂಟು ದಿನದೊಳಗೆ ಪೊಲೀಸ್ ಕಚೇರಿಗೆ ತಿಳಿಸಬೇಕೆಂಬ ನಿಯಮವಿದೆ. ಹೋಟೆಲ್, ಕಾನ್ವೆಂಟ್ ಮೊದಲಾದ ನೋಂದಾಯಿತ ವಸತಿಯಲ್ಲಿ ಉಳಿದರೆ ಅಲ್ಲಿ ನೀವು ಸಹಿ ಹಾಕುವ ಅತಿಥಿ ಚೀಟಿಯೇ ಆ ತಿಳಿವಳಿಕೆ ಪತ್ರವಾಗುತ್ತದೆ. ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಅಲ್ಲಿ ಕೆಲಸದಲ್ಲಿರುವ ಅಣ್ಣನ ಮನೆಯಲ್ಲೋ ಗೆಳತಿಯ ಮನೆಯಲ್ಲೋ ಉಳಿದರೆ ಈ ಕೆಲಸ ನಿಮ್ಮದೇ. ಅದಲ್ಲದೆ, ಯುರೋಪ್ ಒಕ್ಕೂಟದ ಹೊರಗಿನವರನ್ನು ಮನೆಯಲ್ಲಿ ಇರಿಸಿಕೊಂಡವರು 48 ಗಂಟೆಯೊಳಗೆ ಲಿಖಿತವಾಗಿ ತಿಳಿಸಬೇಕೆಂಬ ಹೊಣೆ ಆ ಅಣ್ಣನ ಮೇಲೂ ಇದೆ. ವೀಸಾಕ್ಕೆ ಅರ್ಜಿ ಹಾಕುವಾಗಲೇ ಅವರ ಆಹ್ವಾನ ಪತ್ರ ಬೇಕಾಗುತ್ತದೆ. ನೆಂಟರ ಮನೆ ಎಂದರೆ ಖರ್ಚಿಲ್ಲ, ಕಾಗದ ಮಾತ್ರ ಹೆಚ್ಚು. ವೀಸಾ ಕಡತದಲ್ಲಿ ಎಲ್ಲ ರಾತ್ರಿಗಳಿಗೂ ವಸತಿ ತೋರಿಸಬೇಕು. ಕಾನ್ವೆಂಟ್ ಆದರೂ ಮನೆಯಾದರೂ ಎಲ್ಲರ ಹೆಸರು, ವಿಳಾಸ, ತಾರೀಖು ಇರುವ ಖಚಿತ ಪತ್ರ ತರಿಸಿಕೊಳ್ಳಿ. ಬುಕ್ ಮಾಡಿದವರೊಬ್ಬರ ಹೆಸರಷ್ಟೇ ಇದ್ದರೆ ಉಳಿದವರಿಗೆ ತೊಡಕು.

ತೆರಿಗೆಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ರೋಮ್ ನಗರಸಭೆ ಪ್ರತಿಯೊಬ್ಬರಿಗೆ, ಪ್ರತಿ ರಾತ್ರಿಗೆ ವಸತಿ ತೆರಿಗೆ ವಿಧಿಸುತ್ತದೆ. 2023ರ ಅಕ್ಟೋಬರ್‌ನಲ್ಲಿ ಏರಿಸಿದ ದರದಂತೆ ಒಂದು ಸ್ಟಾರ್ ಹೋಟೆಲಿಗೆ 4 ಯೂರೋ, ಐದು ಸ್ಟಾರ್ ಹೋಟೆಲಿಗೆ 10 ಯೂರೋ. ಬಾಡಿಗೆ ಮನೆ, ಕೋಣೆಗಳಿಗೆ ಸುಮಾರಾಗಿ 5, 6 ಯೂರೋ. ಹತ್ತು ವರ್ಷದೊಳಗಿನ ಮಕ್ಕಳಿಗೆ ಇಲ್ಲ, ಹತ್ತು ರಾತ್ರಿಗಿಂತ ಹೆಚ್ಚು ಕಟ್ಟಬೇಕಿಲ್ಲ. ನಾಲ್ಕು ಜನ ದೊಡ್ಡವರು ಐದು ರಾತ್ರಿ ಉಳಿದರೆ, ತಲೆಗೆ 6ರಂತೆ 120 ಯೂರೋ. ಅಗ್ಗದ ಮನೆ ಎಂದುಕೊಂಡದ್ದು ಅಷ್ಟು ಅಗ್ಗವಲ್ಲ ಎಂದು ತಿಳಿಯುವುದು ಇಲ್ಲೇ. ಬುಕಿಂಗ್ ಮೊತ್ತದಲ್ಲಿ ಇದು ಸೇರಿದೆಯೋ, ಅಲ್ಲಿ ಹೋಗಿ ಕಟ್ಟಬೇಕೋ ನೋಡಿಕೊಳ್ಳಿ. ಮನೆಗಳಿಗೆ ಸ್ವಚ್ಛತಾ ಶುಲ್ಕವೂ ಇರುತ್ತದೆ, ಅದು ಒಂದು ರಾತ್ರಿ ಉಳಿದರೂ ಏಳು ರಾತ್ರಿ ಉಳಿದರೂ ಒಂದೇ. ಈ ಕಾರಣಕ್ಕೇ ಒಂದೆರಡು ರಾತ್ರಿಗೆ ಮನೆ ಹಿಡಿಯುವುದು ನನ್ನ ಪ್ರಕಾರ ದಂಡ. ಅಷ್ಟಕ್ಕೆ ಹೋಟೆಲೇ ಸಾಕು. ನಾಲ್ಕೈದು ರಾತ್ರಿ ದಾಟಿದ ಮೇಲೆ ಮನೆಯ ಲೆಕ್ಕ ಗಿಟ್ಟತೊಡಗುತ್ತದೆ.

ಮನೆಯೊಳಗೆ ಕಾಲಿಟ್ಟ ಮೇಲೆ

ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಇರುವುದು 3 ಕಿಲೋವ್ಯಾಟ್ ವಿದ್ಯುತ್ ಸಂಪರ್ಕ. ಬಟ್ಟೆ ಒಗೆಯುವ ಯಂತ್ರ ಓಡುತ್ತಿರುವಾಗ ಓವನ್ನೋ ಇಂಡಕ್ಷನ್ ಒಲೆಯೋ ಹಚ್ಚಿ, ಜೊತೆಗೆ ಕೆಟಲ್‌ನಲ್ಲಿ ನೀರು ಕಾಯಿಸಲು ಹೋದರೆ ಇಡೀ ಮನೆ ಕತ್ತಲು. ಮೀಟರ್ ಕೆಲವು ಕಟ್ಟಡಗಳಲ್ಲಿ ಕೆಳಗಿನ ನೆಲಮಾಳಿಗೆಯಲ್ಲಿರುತ್ತದೆ, ಟಾರ್ಚ್ ಹಿಡಿದು ಇಳಿಯಬೇಕು. ಕೀ ಕೊಡುವವರ ಹತ್ತಿರ ಮೊದಲ ದಿನವೇ ಮೀಟರ್ ಎಲ್ಲಿದೆ ಎಂದು ತೋರಿಸಿಕೊಳ್ಳಿ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ, ಅಡಾಪ್ಟರ್ ಬೇಕು.

ಚಳಿಯ ಸಂಗತಿ ಯಾರೂ ಹೇಳುವುದಿಲ್ಲ. ರೋಮ್‌ನ ಮನೆಗಳಲ್ಲಿ ಹೀಟಿಂಗ್ ಹಚ್ಚಲು ಕಾನೂನಿನ ಗಡುವು ಇದೆ: ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 12 ಗಂಟೆ. ಅಕ್ಟೋಬರ್ ಕೊನೆಯಲ್ಲೋ ಏಪ್ರಿಲ್ ಕೊನೆಯ ವಾರದಲ್ಲೋ ಮಳೆ ಹಿಡಿದರೆ ಹಳೆಯ ಕಲ್ಲಿನ ಮನೆ ಥಂಡಿ ಹೊಡೆಯುತ್ತದೆ, ಸ್ವೆಟರ್ ಬೇಕೇ ಬೇಕು. ಬೇಸಿಗೆಗೆ ಎಸಿ ಇದೆಯೋ ಎಂದು ಪ್ರತ್ಯೇಕವಾಗಿ ಕೇಳಿ. ಕಿಟಕಿಗಳಿಗೆ ಸೊಳ್ಳೆ ಪರದೆ ಇಲ್ಲದ ಮನೆಗಳು ಬೇಕಾದಷ್ಟು, ಟೈಬರ್ ನದಿಯ ಹತ್ತಿರ ಸೊಳ್ಳೆಯೂ ಬೇಕಾದಷ್ಟು.

ಒಂದು ಸಮಾಧಾನವೂ ಉಂಟು. ಬಾತ್‌ರೂಮಿನಲ್ಲಿ ಕಮೋಡಿನ ಪಕ್ಕದಲ್ಲೇ ನಲ್ಲಿ ಇರುವ ತೊಟ್ಟಿಯೊಂದು ಕಾಣುತ್ತದೆ, ಬಿದೆ ಎನ್ನುತ್ತಾರೆ. 1975ರ ಸರ್ಕಾರಿ ಆದೇಶದ ಪ್ರಕಾರ ಮನೆಯ ಒಂದು ಬಾತ್‌ರೂಮಿನಲ್ಲಾದರೂ ಅದು ಇರಲೇಬೇಕು. ಯುರೋಪಿಗೆ ಹೊರಟಾಗ ನಮ್ಮ ಹಿರಿಯರಿಗೆ ಇರುವ ದೊಡ್ಡ ಚಿಂತೆ ಯಾವುದೆಂದು ಎಲ್ಲರಿಗೂ ಗೊತ್ತು. ಇಟಲಿಯಲ್ಲಿ ಆ ಚಿಂತೆ ಇಲ್ಲ. ಕುಡಿಯುವ ನೀರನ್ನು ಕೊಳ್ಳಬೇಕಾಗಿಯೂ ಇಲ್ಲ. ನಲ್ಲಿ ನೀರು ಕುಡಿಯಬಹುದು, ಬೀದಿಗಳಲ್ಲಿ ನಾಸೋನೆ ಎಂಬ ಉದ್ದ ಮೂಗಿನ ಕಬ್ಬಿಣದ ನಲ್ಲಿಗಳು ಸುಮಾರು 2,500 ಇವೆ, ಹಗಲೂ ರಾತ್ರಿ ತಣ್ಣನೆ ನೀರು ಹರಿಯುತ್ತಿರುತ್ತದೆ.

ಮನೆ ಹಿಡಿಯುವುದಕ್ಕೆ ನಮ್ಮವರಿಗೆ ನಿಜವಾದ ಕಾರಣ ಅಡುಗೆಮನೆ. ಮೂರನೇ ದಿನಕ್ಕೆ ಅಪ್ಪನಿಗೆ ಪಾಸ್ತಾ ಸಾಕಾಗಿ, ಒಂದು ತುತ್ತು ಅನ್ನ ಸಾರು ಸಿಕ್ಕರೆ ಎಂದು ಶುರುವಾಗುತ್ತದೆ. ಹಾಗಿದ್ದರೆ ಎಸ್ಕ್ವಿಲೀನೊ ಬಡಾವಣೆಯಲ್ಲಿ ಮನೆ ನೋಡಿ. ಪಿಯಾತ್ಸಾ ವಿತ್ತೋರಿಯೊ ಪಕ್ಕದ ಹಳೆಯ ಬ್ಯಾರಕ್ ಕಟ್ಟಡದೊಳಗೆ ಒಂದು ಮಾರುಕಟ್ಟೆ ಇದೆ. ಅಲ್ಲಿ ಬಾಂಗ್ಲಾದೇಶದವರ, ನಮ್ಮ ದೇಶದವರ ಅಂಗಡಿಗಳು ಸಾಲು ಸಾಲು. ಅಕ್ಕಿ, ಬೇಳೆ, ಹಸಿಮೆಣಸು, ಕೊತ್ತಂಬರಿ, ಬೆಂಡೆ, ಅದೃಷ್ಟವಿದ್ದರೆ ಕರಿಬೇವು. ಬೆಳಗ್ಗೆಯೇ ಹೋಗಿ, ಭಾನುವಾರ ರಜೆ. ಮನೆಯಿಂದ ಸಾರಿನ ಪುಡಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡ ಒಯ್ಯುವಂತಿಲ್ಲ. ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದು ನಿಷಿದ್ಧ, ವಿಮಾನ ನಿಲ್ದಾಣದಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿಡಿ, ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನ್ ಹಾಕಿಡಿ. ಮೇಲಿನ ಮಹಡಿಯಲ್ಲಿ ಒಂದು ಸಂಸಾರ ಇರುತ್ತದೆ.

ಆ ಸಂಸಾರದ ಮಾತನ್ನು ಇಲ್ಲಿ ಆಡಲೇಬೇಕು. ಕಿರು ಬಾಡಿಗೆಯಿಂದ ಹೆಚ್ಚು ಆದಾಯ ಬರುತ್ತದೆಂದು ಮಾಲೀಕರು ಊರಿನವರಿಗೆ ಮನೆ ಕೊಡುವುದನ್ನು ಬಿಡುತ್ತಿದ್ದಾರೆ, ಹಳೆಯ ಬೀದಿಗಳಲ್ಲಿ ಹಾಲಿನಂಗಡಿ ಹೋಗಿ ನೆನಪಿನ ಕಾಣಿಕೆಗಳ ಅಂಗಡಿ ಬಂದಿದೆ ಎಂಬುದು ರೋಮ್‌ನವರ ಬಹಳ ದಿನದ ಸಂಕಟ. 2024ರ ಶರತ್ಕಾಲದಲ್ಲಿ ಕೆಲವರು ರಾತ್ರೋರಾತ್ರಿ ಕೀ ಪೆಟ್ಟಿಗೆಗಳನ್ನು ಕಿತ್ತು, ಆ ಜಾಗದಲ್ಲಿ, ಉಳ್ಳವರಿಂದ ಕಿತ್ತು ಬಡವರಿಗೆ ಹಂಚುವ ಕಥಾನಾಯಕ ರಾಬಿನ್ ಹುಡ್‌ನ ಟೋಪಿ ಇಟ್ಟು ಹೋದರು. ಫ್ಲಾರೆನ್ಸ್ ನಗರ 2023ರಲ್ಲೇ ತನ್ನ ಹಳೆಯ ಊರಿನ ಭಾಗದಲ್ಲಿ ಹೊಸ ಕಿರು ಬಾಡಿಗೆಗಳನ್ನು ತಡೆಯಲು ಹೊರಟಿತು. ಬೆಂಗಳೂರಿನ ಬಸವನಗುಡಿಯ ಬೀದಿಯೊಂದರಲ್ಲಿ ಎಲ್ಲ ಮನೆಗಳೂ ವಾರಕ್ಕೊಮ್ಮೆ ಬದಲಾಗುವ ಅಪರಿಚಿತರಿಂದ ತುಂಬಿದರೆ ನಮಗೆ ಹೇಗನಿಸುತ್ತದೋ ಅವರಿಗೂ ಹಾಗೇ. ಈ ಕಾರಣಕ್ಕೇ ನಾನು ಮನೆಯವರು ಅಲ್ಲೇ ಇರುವ ಹೋಂಸ್ಟೇಯನ್ನು, ಸಿಸ್ಟರ್‌ಗಳ ಮನೆಯನ್ನು ಮೊದಲು ಹುಡುಕುತ್ತೇನೆ. ಇಡೀ ಮನೆಯೇ ಬೇಕಾದರೆ ಒಂದೇ ಮನೆ ಇರುವ ಮಾಲೀಕರನ್ನು ಹುಡುಕುತ್ತೇನೆ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲಿ, ರಾತ್ರಿ ಹತ್ತರ ಮೇಲೆ ಮೆಟ್ಟಿಲ ಮೇಲೆ ಸೂಟ್‌ಕೇಸ್ ದಡದಡ ಎಳೆಯದಿರುವುದು ನಮ್ಮ ಕೈಯಲ್ಲೇ ಇದೆ.

ಯಾವ ಬಡಾವಣೆ ಎಂಬುದನ್ನು ಕಿಲೋಮೀಟರ್ ಲೆಕ್ಕದಿಂದ ಅಳೆಯಬೇಡಿ, ಮೆಟ್ರೊದಿಂದ ಅಳೆಯಿರಿ. ತ್ರಾಸ್ತೇವೆರೆ ನೋಡಲು ಚೆಂದ, ಆದರೆ ರಾತ್ರಿ ಗದ್ದಲ, ಮೆಟ್ರೊ ಇಲ್ಲ, 8ನೇ ನಂಬರ್ ಟ್ರ್ಯಾಮ್ ಇದೆ. ವ್ಯಾಟಿಕನ್ ಪಕ್ಕದ ಪ್ರಾತಿ ಸಮತಟ್ಟು, ಅಗಲ ರಸ್ತೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೂಪುಗೊಂಡ ಬಡಾವಣೆ. ಲಿಫ್ಟ್ ಇರುವ ಕಟ್ಟಡಗಳು ಅಲ್ಲಿ ಸುಲಭವಾಗಿ ಸಿಗುತ್ತವೆ, ಹಿರಿಯರಿಗೆ ಸರಿ. ದಕ್ಷಿಣಕ್ಕಿರುವ ಗರ್ಬತೆಲ್ಲಾ 1920ರಲ್ಲಿ ಕಾರ್ಮಿಕರಿಗಾಗಿ ಕಟ್ಟಲು ಶುರುಮಾಡಿದ ಬಡಾವಣೆ, ಅಂಗಳಗಳಲ್ಲಿ ಒಣಹಾಕಿದ ಬಟ್ಟೆ, ಬೆಂಚಿನ ಮೇಲೆ ಹರಟುವ ಅಜ್ಜಿಯರು. ಬಿ ಲೈನ್ ಮೆಟ್ರೊ ಹತ್ತಿದರೆ ಕೊಲೋಸಿಯಮ್ ಕೆಲವೇ ನಿಲ್ದಾಣ. 68 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಯಿಂದ ಆಚೆ ಇರುವ ಮನೆ ಎಷ್ಟೇ ಅಗ್ಗವಾದರೂ ಬಿಡಿ. ಫಿಯುಮಿಚೀನೊ ವಿಮಾನ ನಿಲ್ದಾಣದಿಂದ ಟರ್ಮಿನಿಗೆ ಲಿಯೊನಾರ್ದೊ ಎಕ್ಸ್‌ಪ್ರೆಸ್ 32 ನಿಮಿಷ, ತಲೆಗೆ 14 ಯೂರೋ. ನಾಲ್ವರಿದ್ದು ಪೆಟ್ಟಿಗೆಗಳೂ ಇದ್ದರೆ ಹಳೆಯ ಕೋಟೆಗೋಡೆಯೊಳಗಿನ ವಿಳಾಸಗಳಿಗೆ ನಿಗದಿತ ದರದ ಟ್ಯಾಕ್ಸಿಯೇ ಮೇಲು.

ಈಗ ನಾನು ಬುಕ್ ಮಾಡುವ ಮುಂಚೆ ಯಾವ ಜಾಗಕ್ಕಾದರೂ ಒಂದೇ ಸಂದೇಶ ಕಳಿಸುತ್ತೇನೆ. ಅಶೆನ್ಸೋರೆ, ಅಂದರೆ ಲಿಫ್ಟ್ ಇದೆಯೇ, ಇದ್ದರೆ ಅದಕ್ಕೆ ಮುಂಚೆ ಎಷ್ಟು ಮೆಟ್ಟಿಲು? ಬಂದಾಗ ಬಾಗಿಲಲ್ಲಿ ಯಾರಿರುತ್ತಾರೆ, ಎಷ್ಟು ಹೊತ್ತಿನವರೆಗೆ? ಕೊನೆಯ ದಿನ ಸಂಜೆ ಐದರವರೆಗೆ ಪೆಟ್ಟಿಗೆ ಇಡಬಹುದೇ, ಇಲ್ಲದಿದ್ದರೆ ಟರ್ಮಿನಿಯ ಲಗೇಜ್ ಕೌಂಟರೇ ಗತಿಯೇ? ಸಿಐಎನ್ ಸಂಖ್ಯೆ ಏನು? ಹೋದ ಸಲ ಇದಕ್ಕೆ ಒಬ್ಬ ಮನೆಯೊಡತಿ ಹೀಗೆ ಉತ್ತರ ಬರೆದಿದ್ದರು: ಲಿಫ್ಟ್ ಇದೆ, ಇಬ್ಬರು ಮಾತ್ರ ನಿಲ್ಲಬಹುದು, ಅದಕ್ಕೆ ಮೊದಲು ಏಳು ಮೆಟ್ಟಿಲು, ಬಲಗಡೆ ಹಿಡಿದುಕೊಳ್ಳಲು ಸರಳಿದೆ, ನಿಮ್ಮ ತಾಯಿಯವರ ಕೈಹಿಡಿಯಲು ನಾನು ಕೆಳಗೆ ಬಂದಿರುತ್ತೇನೆ.